ಹೆಸರಿನಿಂದ ಡ್ರೈವಿಂಗ್ ಲೈಸೆನ್ಸ್‌ವರೆಗೆ: ಕ್ಯಾಲಿಫೋರ್ನಿಯಾದಲ್ಲಿ ನನ್ನ ಕಾಗದಪತ್ರಗಳ ಅನುಭವ

ನನ್ನ ಯಜಮಾನರು ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಮದುವೆಯ ನಂತರ ನಾನೂ ಅಲ್ಲಿಗೆ ಹೋಗಬೇಕಿತ್ತು. ಮದುವೆಯಾಗಿ ಎಂಟು ದಿನವೂ ಕಳೆದಿರಲಿಲ್ಲ, ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಓರಗಿತ್ತಿ ಫೋನ್ ಮಾಡಿದರು. ಕುಶಲ ವಿಚಾರಿಸಿದ ಮೇಲೆ ಅವರು ಮೊದಲು ಕೇಳಿದ್ದು, ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಸಾಲಿನಲ್ಲಿ ಏನು ಬರೆದಿದೆ ಎಂದು. "ಏನೂ ಇಲ್ಲ ಅಕ್ಕ, ಆ ಸಾಲು ಖಾಲಿಯಾಗಿದೆ" ಎಂದೆ. "ಹಾಗಾದರೆ ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಹೆಸರು ಸರಿ ಮಾಡಿಸಿಕೋಮ್ಮ" ಎಂದರು.

ನಮ್ಮ ಕಡೆ ಹೆಸರಿನ ಮುಂದೆ ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ ಇಟ್ಟುಕೊಳ್ಳುತ್ತೇವೆಯೇ ಹೊರತು, ಎಷ್ಟೋ ಮನೆಗಳಲ್ಲಿ ಕುಲನಾಮವೆಂಬುದೇ ಇರುವುದಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಷಿಯಲ್‌ಗಳನ್ನು ಬಿಡಿಸಿ, ಎಲ್ಲವನ್ನೂ ಗಿವನ್ ನೇಮ್ ಎಂಬ ಸಾಲಿನಲ್ಲೇ ತುಂಬಿದ್ದೆವು. ಅಮೆರಿಕದ ವೀಸಾದಲ್ಲಿ ಇಂಥ ಹೆಸರು ತಲೆಕೆಳಗಾಗುತ್ತದೆ: ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಇರಬೇಕಾದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಅಚ್ಚಾಗುತ್ತದೆ. ಅಕ್ಕನ ವೀಸಾದಲ್ಲಿ ಹಾಗೆ ಬಂದಿತ್ತು. ಅದೇ ಮೂರಕ್ಷರ ಮುಂದೆ ಅವರ ಬ್ಯಾಂಕಿನ ಕಾರ್ಡಿಗೂ ಆಸ್ಪತ್ರೆಯ ಚೀಟಿಗೂ ಹತ್ತಿಕೊಂಡಿತ್ತು. ಡಾಕ್ಟರ ಬಳಿ ಹೋದರೆ ನರ್ಸ್ ಹೊರಗೆ ಬಂದು ಆ ಮೂರಕ್ಷರವನ್ನೇ ಅವರ ಹೆಸರೆಂದು ಕರೆಯುತ್ತಿದ್ದರಂತೆ.

ಆಗ 2022ರ ನವೆಂಬರ್. ನಮ್ಮ ಮದುವೆ ಇನ್ನೂ ನೋಂದಣಿಯಾಗಿರಲಿಲ್ಲ, ಹಾಗಿದ್ದದ್ದೇ ಒಳ್ಳೆಯದಾಯಿತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಅಕ್ಷರ ಅಕ್ಷರವಾಗಿ ನೋಡಿದಾಗ, ಅಪ್ಪನ ಹೆಸರಿನ ಕೊನೆಯಲ್ಲಿ ಬರುವ 'ಅಪ್ಪ'ಕ್ಕೆ ಆಧಾರ್‌ನಲ್ಲಿ ಒಂದೇ ಪಿ ಇತ್ತು, ಪಾಸ್‌ಪೋರ್ಟಿನಲ್ಲಿ ಎರಡು ಪಿ ಇದ್ದವು, ಅಂಕಪಟ್ಟಿಯಲ್ಲಂತೂ ಬರಿಯ ಇನಿಷಿಯಲ್ ಇತ್ತು. ಊರಿನಲ್ಲಿ ಇದು ಯಾರ ಕಣ್ಣಿಗೂ ಬೀಳುವ ವಿಷಯವಲ್ಲ. ಆದರೆ ನನ್ನ ಮುಖ ನೋಡದೆ ಕಾಗದವನ್ನಷ್ಟೇ ನೋಡುವ ಅಧಿಕಾರಿಗೆ ಅವು ಮೂವರು ಬೇರೆ ಬೇರೆ ಹೆಂಗಸರ ಹೆಸರುಗಳು. ಮೊದಲು ಆಧಾರ್ ತಿದ್ದಿಸಿ, ಆ ಹೆಸರಿನಲ್ಲೇ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿವಾಹ ನೋಂದಣಿ ಮಾಡಿಸಿ, ಆ ಪ್ರಮಾಣಪತ್ರವನ್ನೂ ಇಟ್ಟು ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿದೆ. ಸರ್‌ನೇಮ್ ಜಾಗಕ್ಕೆ ಗಂಡನ ಹೆಸರು ಹಾಕುವುದೋ ಅಪ್ಪನದೋ ಎಂಬ ಚರ್ಚೆ ಮನೆಯಲ್ಲಿ ಎರಡು ದಿನ ನಡೆಯಿತು. ನಾನು ಅಪ್ಪನ ಹೆಸರನ್ನೇ ಇಟ್ಟುಕೊಂಡೆ, ಏಕೆಂದರೆ ನನ್ನ ಪದವಿಪತ್ರಗಳಿಗೂ ಹೊಸ ಪಾಸ್‌ಪೋರ್ಟಿಗೂ ಸಂಬಂಧ ಉಳಿಯುವ ದಾರಿ ಅದೊಂದೇ ಆಗಿತ್ತು. ಗಂಡನ ಹೆಸರು ಸೇರಿಸಿಕೊಳ್ಳುವುದು ತಪ್ಪಲ್ಲ. ಆದರೆ ಸೇರಿಸುವುದಾದರೆ ಪಾಸ್‌ಪೋರ್ಟಿನಲ್ಲೇ, ವೀಸಾ ಅರ್ಜಿಗೆ ಮೊದಲೇ ಸೇರಿಸಬೇಕು, ನಡುವೆ ಬದಲಾಯಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆಲ್ಲ ಎರಡೂವರೆ ತಿಂಗಳು ಹಿಡಿಯಿತು. ಆಮೇಲೆಯೇ ಅಮೆರಿಕದ ಪ್ರಜೆಯಾದ ನನ್ನ ಯಜಮಾನರು ಹೆಂಡತಿಯನ್ನು ಕರೆಸಿಕೊಳ್ಳಲು ಹಾಕುವ ಐ-130 ಅರ್ಜಿ ಸಲ್ಲಿಸಿದರು. ಅದು ಮಂಜೂರಾಗುವುದು, ವಲಸೆ ವೀಸಾದ ಅರ್ಜಿಯಾದ ಡಿಎಸ್-260 ತುಂಬುವುದು, ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ, ಮುಂಬಯಿಯ ಸಂದರ್ಶನ ಇವೆಲ್ಲ ಎಲ್ಲರಿಗೂ ಇರುವಂಥವೇ. ಡಿಎಸ್-260ರ ಎರಡು ಪ್ರಶ್ನೆಗಳನ್ನು ಮಾತ್ರ ಇಲ್ಲಿ ಹೇಳಬೇಕು. ನೀವು ಬಳಸಿದ ಬೇರೆ ಹೆಸರುಗಳಾವುವು ಎಂಬಲ್ಲಿ ನಾನು ಅಂಕಪಟ್ಟಿಯ ಇನಿಷಿಯಲ್ ಹೆಸರನ್ನು ಬರೆದೆ. ಅಲ್ಲಿ ಕೆಲಸಕ್ಕೂ ತೆರಿಗೆಗೂ ಬೇಕಾಗುವ ಸಂಖ್ಯೆಯುಳ್ಳ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ನಿಮಗೆ ಕೊಡಬೇಕೇ ಎಂಬಲ್ಲಿ ಹೌದು ಎಂದೆ. ಹಾಗೆಂದವರಿಗೆ ಅಲ್ಲಿಗೆ ಹೋದ ಮೇಲೆ ಬೇರೆ ಅರ್ಜಿಯಿಲ್ಲದೆ ಕಾರ್ಡು ಅಂಚೆಯಲ್ಲೇ ಬರುತ್ತದೆ. ಹೊರಡುವ ಮುನ್ನ ಗ್ರೀನ್ ಕಾರ್ಡ್ ಮುದ್ರಣದ ಶುಲ್ಕ 235 ಡಾಲರನ್ನು ಆನ್‌ಲೈನ್‌ನಲ್ಲಿ ಕಟ್ಟಿದೆವು.

2024ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನನ್ನ ವೀಸಾ ಪುಟದ ಮೇಲೆ ಮುದ್ರೆ ಒತ್ತಿ, ಹೊಸದಾಗಿ ಮದುವೆಯಾದ ಸಂಗಾತಿಯ ವರ್ಗವಾದ ಸಿಆರ್1 ಎಂದೂ ದಿನಾಂಕವನ್ನೂ ಬರೆದುಕೊಟ್ಟರು. ಮುದ್ರೆ ಬಿದ್ದ ಆ ಪುಟ ಒಂದು ವರ್ಷದ ತನಕ ಗ್ರೀನ್ ಕಾರ್ಡಿನ ಬದಲಿಗೆ ನಡೆಯುತ್ತದೆ. ಮುದ್ರೆ ಸ್ಪಷ್ಟವಾಗಿ ಬಿದ್ದಿದೆಯೇ, ದಿನಾಂಕ ಸರಿಯಿದೆಯೇ ಎಂಬುದನ್ನು ಕೌಂಟರಿನ ಮುಂದೆ ನಿಂತೇ ನೋಡಿಕೊಂಡೆ, ಏಕೆಂದರೆ ಅಲ್ಲಿಂದ ಹೊರಬಿದ್ದ ಮೇಲೆ ತಿದ್ದಿಸುವುದೇ ಒಂದು ಪ್ರಯಾಸ. ಮದುವೆಯಾಗಿ ಎರಡು ವರ್ಷ ತುಂಬದಿದ್ದುದರಿಂದ ನನಗೆ ದೊರೆತದ್ದು ಷರತ್ತುಬದ್ಧ ಕಾಯಂ ನಿವಾಸ, ಅಂದರೆ ಎರಡು ವರ್ಷದ ಕಾರ್ಡು.

ಸೋಷಿಯಲ್ ಸೆಕ್ಯುರಿಟಿ ಕಾರ್ಡು ಮೂರು ವಾರದಲ್ಲಿ ಬರಬೇಕಿತ್ತು. ನಾಲ್ಕು ವಾರವಾದರೂ ಬರಲಿಲ್ಲ. ಅಪಾರ್ಟ್‌ಮೆಂಟಿನ ಕೆಳಗೆ ಅಂಚೆಪೆಟ್ಟಿಗೆಗಳ ಸಾಲಿದೆ. ಒಂದು ಸಂಜೆ ಅಲ್ಲಿ ನಿಂತು ನೋಡಿದಾಗ ನಮ್ಮ ಪೆಟ್ಟಿಗೆಯ ಒಳಬದಿಯ ಚೀಟಿಯಲ್ಲಿ ಯಜಮಾನರ ಹೆಸರು ಮಾತ್ರ ಇತ್ತು. ಆ ಮನೆಯಲ್ಲಿ ಅವರು ಐದು ವರ್ಷದಿಂದ ಒಬ್ಬರೇ ಇದ್ದವರು. ಬೇರೆ ಹೆಸರಿನ ಪತ್ರ ಬಂದರೆ ಅಂಚೆಯವರು ಹಿಂದಿನ ಬಾಡಿಗೆದಾರರದ್ದೆಂದು ತಿಳಿದು ವಾಪಸು ಕಳಿಸುವುದುಂಟು ಎಂದು ಪಕ್ಕದ ಮನೆಯವರು ಹೇಳಿದರು. ಅಂದೇ ರಟ್ಟಿನ ಚೂರೊಂದರ ಮೇಲೆ ನನ್ನ ಪೂರ್ಣ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ, ಎರಡು ಪಿ ಸಮೇತ, ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆವು. ಗ್ರೀನ್ ಕಾರ್ಡ್ ಅದಾದ ಹತ್ತು ದಿನಕ್ಕೆ ಸುರಕ್ಷಿತವಾಗಿ ಬಂತು. ಸೋಷಿಯಲ್ ಸೆಕ್ಯುರಿಟಿಗೆ ಮಾತ್ರ ಅವರ ಕಚೇರಿಗೇ ಹೋಗಬೇಕಾಯಿತು. ಅಲ್ಲಿ ಮೂಲ ದಾಖಲೆಗಳನ್ನಷ್ಟೇ ನೋಡುತ್ತಾರೆ, ಜೆರಾಕ್ಸ್ ಪ್ರತಿ ನಡೆಯುವುದಿಲ್ಲ. ಹೊಸದಾಗಿ ಬರುವವರಿಗೆ ನಾನು ಹೇಳುವುದೇನೆಂದರೆ, ವಿಮಾನ ಹತ್ತುವ ಮೊದಲೇ ಗಂಡನಿಗೆ ಹೇಳಿ ಅಂಚೆಪೆಟ್ಟಿಗೆಗೆ ನಿಮ್ಮ ಹೆಸರು ಅಂಟಿಸಿಬಿಡಿ.

ಕಾರ್ಡಿಗಾಗಿ ಕಾಯುತ್ತಿದ್ದ ದಿನಗಳಲ್ಲಿ ಬಾಡಿಗೆ ಕರಾರಿಗೆ ನನ್ನ ಹೆಸರು ಸೇರಿಸಿದೆವು, ಬ್ಯಾಂಕಿನಲ್ಲಿ ಜಂಟಿ ಖಾತೆ ಮಾಡಿದೆವು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿ, ದೇಶದೊಳಗಿನ ವಿಮಾನಯಾನಕ್ಕೂ ಗುರುತಿನ ಚೀಟಿಯಾಗಿ ನಡೆಯುವ ರಿಯಲ್ ಐಡಿ ಮಾದರಿಯ ಲೈಸೆನ್ಸಿಗೆ ವಿಳಾಸದ ಎರಡು ದಾಖಲೆಗಳನ್ನು ಕೇಳುತ್ತದೆ. ಹೊಸದಾಗಿ ಬಂದ ಹೆಂಡತಿಗೆ ತೊಡಕಾಗುವುದು ಇಲ್ಲಿಯೇ: ಕರೆಂಟಿನ ಬಿಲ್ಲು, ಬಾಡಿಗೆ ಕರಾರು, ಫೋನು ಎಲ್ಲವೂ ಗಂಡನ ಹೆಸರಿನಲ್ಲಿರುತ್ತವೆ. ಗಂಡನ ಹೆಸರಿನ ದಾಖಲೆಗೆ ವಿವಾಹ ಪ್ರಮಾಣಪತ್ರ ಜೋಡಿಸಿ ತೋರಿಸಲು ಅಲ್ಲಿ ಅವಕಾಶವಿದೆಯಾದರೂ, ನನ್ನ ಹೆಸರಿನಲ್ಲೇ ಎರಡು ಕಾಗದ ಇರಲೆಂದು ನಾನು ಹಟ ಹಿಡಿದೆ. ರಿಯಲ್ ಐಡಿ ಮಾಡಿಸುವುದು ಕಡ್ಡಾಯವೇನಲ್ಲ. ಆದರೆ 2025ರ ಮೇ 7ರಿಂದ ದೇಶದೊಳಗಿನ ವಿಮಾನಯಾನಕ್ಕೆ ಸಾಮಾನ್ಯ ಲೈಸೆನ್ಸ್ ಸಾಲದೆಂಬ ನಿಯಮ ಜಾರಿಗೆ ಬರುವುದಿತ್ತು, ಪ್ರತಿ ಸಲ ಪಾಸ್‌ಪೋರ್ಟ್ ಹೊತ್ತು ತಿರುಗಲು ನನಗೆ ಮನಸ್ಸಿರಲಿಲ್ಲ.

ಊರಿನ ಆರ್‌ಟಿಓ ಕಚೇರಿಯಲ್ಲಿ ಸಾವಿರ ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದು ತಂದಿದ್ದೆ. ಅದಿದ್ದರೆ ಒಂದು ವರ್ಷ ನಿಶ್ಚಿಂತೆಯಿಂದ ಕಾರು ಓಡಿಸಬಹುದು ಎಂದು ಪರಿಚಯದವರೆಲ್ಲ ಹೇಳಿದ್ದರು. ಅದು ಪ್ರವಾಸಕ್ಕೆ ಬಂದವರ ಮಾತು. ಆ ಪುಸ್ತಿಕೆ ನಮ್ಮ ಲೈಸೆನ್ಸಿನ ಅನುವಾದವಷ್ಟೇ, ಸ್ವತಂತ್ರವಾದ ಅನುಮತಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಲು ಬಂದವರು 10 ದಿನಗಳೊಳಗೆ ಅಲ್ಲಿಯ ಲೈಸೆನ್ಸಿಗೆ ಅರ್ಜಿ ಹಾಕಬೇಕೆಂಬುದು ನಿಯಮ, ಮತ್ತು ಗ್ರೀನ್ ಕಾರ್ಡ್ ಹಿಡಿದು ಬಂದವಳು ತಾನು ಪ್ರವಾಸಿ ಎಂದು ಹೇಳಿಕೊಳ್ಳಲಾರಳು. ಆದ್ದರಿಂದ ಕಲಿಯುವವರಿಗೆ ಕೊಡುವ ಪರ್ಮಿಟ್ ಕೈಗೆ ಬರುವ ತನಕ ನಾನು ಸ್ಟಿಯರಿಂಗ್ ಮುಟ್ಟಲಿಲ್ಲ.

ಡಿಎಂವಿ ಅರ್ಜಿಯಲ್ಲಿ ಒಂದು ಪ್ರಶ್ನೆಯ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕು. 2018ರ ಏಪ್ರಿಲ್‌ನಿಂದ ಆ ರಾಜ್ಯದಲ್ಲಿ ಲೈಸೆನ್ಸ್ ಅರ್ಜಿಯ ಜೊತೆಗೇ ಮತದಾರರ ನೋಂದಣಿಯೂ ನಡೆಯುತ್ತದೆ. ಅರ್ಜಿ ತುಂಬುತ್ತ ಹೋದಂತೆ, ನೀವು ಮತ ಹಾಕಲು ಅರ್ಹರೇ ಎಂಬ ಪ್ರಶ್ನೆ ಉಳಿದ ಪ್ರಶ್ನೆಗಳ ನಡುವೆ ಸದ್ದಿಲ್ಲದೆ ಬರುತ್ತದೆ. ಅರ್ಹರು ಎನ್ನುವುದೆಂದರೆ ಅಮೆರಿಕದ ಪ್ರಜೆ ಎಂದು ಹೇಳಿಕೊಂಡಂತೆಯೇ. ಗ್ರೀನ್ ಕಾರ್ಡ್ ಇದ್ದವರು ಕಾಯಂ ನಿವಾಸಿಗಳೇ ಹೊರತು ಪ್ರಜೆಗಳಲ್ಲ. ಪ್ರಜೆಯಲ್ಲದವರು ತಾವು ಪ್ರಜೆಯೆಂದು ತಪ್ಪಾಗಿ ಹೇಳಿಕೊಂಡರೆ ಅದು ವಲಸೆ ಕಾನೂನಿನಲ್ಲಿ ಅತ್ಯಂತ ಗಂಭೀರ ಅಪರಾಧ. ಗ್ರೀನ್ ಕಾರ್ಡ್ ಕಳೆದುಕೊಂಡು ದೇಶದಿಂದಲೇ ಹೊರಹೋಗಬೇಕಾಗಬಹುದು, ಅವಸರದಲ್ಲಿ ಒತ್ತಿಬಿಟ್ಟೆ ಎಂದರೆ ಸುಲಭಕ್ಕೆ ಕೇಳುವುದಿಲ್ಲ. ನಾನು ಆ ಪುಟವನ್ನು ಮೂರು ಸಲ ಓದಿ, ಇಲ್ಲ ಎಂದು ಗುರುತು ಹಾಕಿದೆ. ಗಂಡನನ್ನೋ ಮೈದುನನನ್ನೋ ಕೂರಿಸಿ ಅರ್ಜಿ ತುಂಬಿಸುವವರು ಈ ಒಂದು ಪುಟವನ್ನಾದರೂ ತಾವೇ ಓದಲೇಬೇಕು.

ಕಣ್ಣಿನ ಪರೀಕ್ಷೆ, ಹೆಬ್ಬೆಟ್ಟಿನ ಗುರುತು, ಫೋಟೋ ಆದ ಮೇಲೆ ಲಿಖಿತ ಪರೀಕ್ಷೆ. ದೊಡ್ಡವರಿಗೆ 36 ಪ್ರಶ್ನೆಗಳು, 30 ಸರಿಯಿರಬೇಕು. ಡಿಎಂವಿಯ ಕೈಪಿಡಿಯನ್ನು ಎರಡು ಸಲ ಓದಿಕೊಂಡು ಹೋಗಿದ್ದರಿಂದ ಅದು ಕಷ್ಟವಾಗಲಿಲ್ಲ. ಪರ್ಮಿಟ್ ಸಿಕ್ಕಿತು, ಅದರಲ್ಲಿ ಓಡಿಸುವಾಗ ಪಕ್ಕದಲ್ಲಿ ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರುವ ವಯಸ್ಕರು ಕೂತಿರಬೇಕು.

ಹಾಸನದಲ್ಲಿ ಆರು ವರ್ಷ ಕಾರು ಓಡಿಸಿದವಳು ನಾನು. ರಸ್ತೆಯ ಬಲಕ್ಕೆ ಹೋಗುವುದು ಮೂರು ದಿನದಲ್ಲಿ ರೂಢಿಯಾಯಿತು. ರೂಢಿಯಾಗದೆ ಉಳಿದದ್ದು ನಿಲ್ಲುವುದು. ನಮ್ಮಲ್ಲಿ ಅಡ್ಡರಸ್ತೆ ಬಂದರೆ ಹಾರ್ನ್ ಮಾಡಿ, ವೇಗ ತಗ್ಗಿಸಿ, ಜಾಗ ನೋಡಿ ನುಗ್ಗುತ್ತೇವೆ. ಅಲ್ಲಿ ಕೆಂಪು ಬಣ್ಣದ ಸ್ಟಾಪ್ ಫಲಕವಿದ್ದರೆ, ರಸ್ತೆಯಲ್ಲಿ ನರಪಿಳ್ಳೆಯಿಲ್ಲದಿದ್ದರೂ, ಬಿಳಿ ಗೆರೆಯ ಹಿಂದೆ ಚಕ್ರ ಪೂರ್ತಿ ನಿಲ್ಲಬೇಕು. ನಾಲ್ಕು ಕಡೆಯೂ ಸ್ಟಾಪ್ ಇದ್ದರೆ ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ; ಇಬ್ಬರೂ ಒಟ್ಟಿಗೆ ಬಂದರೆ ಬಲಗಡೆಯವರಿಗೆ ದಾರಿ ಬಿಡಬೇಕು. ಕೆಂಪು ದೀಪವಿದ್ದಾಗಲೂ, ನಿಷೇಧದ ಫಲಕವಿಲ್ಲದಿದ್ದರೆ, ಬಲಕ್ಕೆ ತಿರುಗಬಹುದು. ಆದರೆ ಪೂರ್ತಿ ನಿಂತ ಮೇಲೆ ಮಾತ್ರ. ಈ ಕೊನೆಯ ಮಾತಿನಲ್ಲೇ ನಾನು ಮೊದಲ ರಸ್ತೆ ಪರೀಕ್ಷೆಯಲ್ಲಿ ಸೋತೆ. ಕಾರು ನಡಿಗೆಯ ವೇಗಕ್ಕೆ ಇಳಿದಿತ್ತು, ಎಡಕ್ಕೆ ನೋಡಿದೆ, ಯಾರೂ ಇರಲಿಲ್ಲ, ತಿರುಗಿಸಿದೆ. ಪರೀಕ್ಷಕರು ಏನೂ ಹೇಳದೆ ಹಾಳೆಯ ಮೇಲೆ ಒಂದು ಗುರುತು ಹಾಕಿದರು. 15 ಸಣ್ಣ ತಪ್ಪುಗಳವರೆಗೆ ಕ್ಷಮೆಯಿದೆ, ಇಂಥ ದೊಡ್ಡ ತಪ್ಪು ಒಂದಾದರೂ ಅಲ್ಲಿಗೇ ಮುಗಿಯಿತು. ಆ ತೀರ್ಪು ನ್ಯಾಯವಾಗಿಯೇ ಇತ್ತು. ಮುಂದಿನ ಎರಡು ವಾರ ಪ್ರತಿ ಸ್ಟಾಪ್‌ನಲ್ಲೂ "ಒಂದು, ಎರಡು, ಮೂರು" ಎಂದು ಗಟ್ಟಿಯಾಗಿ ಎಣಿಸಿ ಹೊರಡುವುದನ್ನು ಅಭ್ಯಾಸ ಮಾಡಿದೆ.

ಪರೀಕ್ಷೆಗೆ ಕಾರು ನಾವೇ ಒಯ್ಯಬೇಕು. ಅದರ ನೋಂದಣಿ ಪತ್ರ, ವಿಮೆಯ ಪತ್ರ ಜೊತೆಗಿರಬೇಕು. ಹೊರಡುವ ಮುನ್ನ ಹಾರ್ನ್, ವೈಪರ್, ಪಾರ್ಕಿಂಗ್ ಬ್ರೇಕ್, ಗಾಜಿನ ಮೇಲಿನ ಮಂಜು ಕರಗಿಸುವ ಗುಂಡಿ ಎಲ್ಲಿವೆ ಎಂದು ಕೇಳುತ್ತಾರೆ, ಕೈಸನ್ನೆ ತೋರಿಸಲು ಹೇಳುತ್ತಾರೆ: ಎಡಗೈಯನ್ನು ಕಿಟಕಿಯಾಚೆ ನೇರ ಚಾಚಿದರೆ ಎಡಕ್ಕೆ, ಮೊಣಕೈ ಮಡಿಸಿ ಮೇಲೆತ್ತಿದರೆ ಬಲಕ್ಕೆ, ಕೆಳಗಿಳಿಸಿದರೆ ನಿಲ್ಲುತ್ತೇನೆ ಎಂದು. ಪಟ್ಟೆ, ಅಂದರೆ ಲೇನ್, ಬದಲಿಸುವಾಗ ಕನ್ನಡಿ ನೋಡಿದರೆ ಸಾಲದು, ಭುಜದ ಮೇಲಿಂದ ಕತ್ತು ತಿರುಗಿಸಿ ನೋಡಿದ್ದು ಪರೀಕ್ಷಕರ ಕಣ್ಣಿಗೂ ಬೀಳಬೇಕು. ಬಲಕ್ಕೆ ತಿರುಗುವ ಮುನ್ನ ಸೈಕಲ್ ಪಟ್ಟೆ ಇದ್ದರೆ, ಹಿಂದೆ ಸೈಕಲ್ ಬರುತ್ತಿಲ್ಲವೆಂದು ನೋಡಿಕೊಂಡು, ಕೊನೆಯ 200 ಅಡಿಯೊಳಗೆ ಆ ಪಟ್ಟೆಗೇ ಸೇರಿಕೊಂಡು ತಿರುಗಬೇಕು.

ಇನ್ನು ಶಾಲಾ ಬಸ್ಸು ಕೆಂಪು ದೀಪ ಮಿನುಗಿಸುತ್ತ ನಿಂತರೆ, ಎರಡೂ ದಿಕ್ಕಿನ ವಾಹನಗಳು ನಿಲ್ಲಬೇಕು. ರಸ್ತೆ ನಡುವೆ ವಿಭಜಕವಿದ್ದರೆ ಅಥವಾ ಪ್ರತಿ ದಿಕ್ಕಿಗೂ ಎರಡು ಅಥವಾ ಹೆಚ್ಚು ಪಟ್ಟೆಗಳಿದ್ದರೆ ಮಾತ್ರ ಎದುರಿನವರಿಗೆ ವಿನಾಯಿತಿ. ಪೊಲೀಸರು ಹಿಂದಿನಿಂದ ದೀಪ ಹಾಕಿದರೆ ಬಲಬದಿಗೆ ನಿಲ್ಲಿಸಿ, ಕಾರಿನೊಳಗೇ ಕೂತು, ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲೆ ಕಾಣುವಂತೆ ಇಟ್ಟಿರಬೇಕು. ನಮ್ಮೂರಿನಲ್ಲಿ ಕಾರಿನಿಂದಿಳಿದು ಪೊಲೀಸರ ಬಳಿಗೆ ನಡೆದುಹೋಗುವುದು ಮರ್ಯಾದೆ. ಅಲ್ಲಿ ಹಾಗೆ ಇಳಿದರೆ ಅವರು ಅದನ್ನು ಅಪಾಯವೆಂದೇ ಎಣಿಸುತ್ತಾರೆ. ಈ ಮಾತನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದರೋ, ಅಷ್ಟೇ ಸಲ ನಾನೂ ಹೊಸಬರಿಗೆ ಹೇಳುತ್ತೇನೆ.

ಎರಡನೆಯ ಪರೀಕ್ಷೆಯಲ್ಲಿ ಪಾಸಾದೆ. ಅಂದು ಕೊಡುವುದು ತಾತ್ಕಾಲಿಕ ಕಾಗದ. ಓಡಿಸಲು ಸಾಕು, ಗುರುತಿನ ಚೀಟಿಯಾಗಿ ನಡೆಯುವುದಿಲ್ಲ. ಬಲಮೂಲೆಯಲ್ಲಿ ಚಿನ್ನದ ಬಣ್ಣದ ಕರಡಿ, ಅದರೊಳಗೆ ನಕ್ಷತ್ರ ಇರುವ ಕಾರ್ಡು ಆಮೇಲೆ ಅಂಚೆಯಲ್ಲಿ ಬಂತು. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇತ್ತು. ಪರ್ಮಿಟ್ ಸಿಕ್ಕ ದಿನವೇ ಯಜಮಾನರ ವಿಮೆಗೆ ನನ್ನ ಹೆಸರು ಸೇರಿಸಿದ್ದೆವು. 2025ರ ಜನವರಿಯಿಂದ ಆ ರಾಜ್ಯದಲ್ಲಿ ಕನಿಷ್ಠ ವಿಮೆಯ ಮಿತಿ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿಗೆ 15,000 ಎಂದು ಏರಿದೆ. ಅಲ್ಲಿಯ ಆಸ್ಪತ್ರೆಯ ಖರ್ಚು ಬಲ್ಲವರು ಅದಕ್ಕಿಂತ ಹೆಚ್ಚಿನದನ್ನೇ ತೆಗೆದುಕೊಳ್ಳುತ್ತಾರೆ, ನಾವೂ ಹಾಗೆಯೇ ಮಾಡಿದೆವು.

2025ರಲ್ಲಿ ಮನೆ ಬದಲಿಸಿದಾಗ ವಲಸೆ ಇಲಾಖೆಗೆ ವಿಳಾಸ ಬದಲಾವಣೆಯ ನಮೂನೆಯಾದ ಎಆರ್-11 ಮೂಲಕವೂ, ಡಿಎಂವಿಗೂ 10 ದಿನದೊಳಗೆ ಹೊಸ ವಿಳಾಸ ತಿಳಿಸಿದೆವು. ಹೊಸ ಅಂಚೆಪೆಟ್ಟಿಗೆಗೆ ಹೆಸರಿನ ಚೀಟಿಯನ್ನು ಸಾಮಾನು ಇಳಿಸುವ ಮೊದಲೇ ಅಂಟಿಸಿದೆ. ನನ್ನ ಎರಡು ವರ್ಷದ ಕಾರ್ಡು 2026ರ ಜೂನ್‌ನಲ್ಲಿ ಮುಗಿಯುತ್ತದೆ. ಅದಕ್ಕೆ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸುವ ಐ-751 ಅರ್ಜಿ ಸಲ್ಲಿಸಿ, ನಾವು ಕೂಡಿ ಸಂಸಾರ ಮಾಡುತ್ತಿದ್ದೇವೆಂದು ದಾಖಲೆಗಳಿಂದ ತೋರಿಸಬೇಕು. ಡಿಎಂವಿಗೆಂದು ಹೊಂದಿಸಿದ ಬಾಡಿಗೆ ಕರಾರು, ಜಂಟಿ ಖಾತೆ, ಇಬ್ಬರ ಹೆಸರಿನ ಕಾರು ವಿಮೆ, ಒಂದೇ ವಿಳಾಸದ ಎರಡು ಲೈಸೆನ್ಸ್‌ಗಳು ಈಗ ಆ ಕಡತಕ್ಕೆ ಸೇರಿವೆ. ಬರುವ ಹೊಸ ಕಾಗದಗಳನ್ನು ತಿಂಗಳ ಕೊನೆಯ ಭಾನುವಾರ ಕೂತು, ಹೆಸರಿನ ಕಾಗುಣಿತ ನೋಡಿಕೊಂಡು, ಒಂದೊಂದಾಗಿ ಅದಕ್ಕೆ ಸೇರಿಸುತ್ತಿದ್ದೇನೆ.