ಪಶ್ಚಿಮದ ಗೋಡೆಗೆ ಮೂರು ಸಲ ಬಣ್ಣ ಹೊಡೆಸಿದ ಕತೆ

ಕುಮಟಾದ ನಮ್ಮ ಮನೆ ಚಿರೆಕಲ್ಲಿನದು, ಮೇಲೆ ಮಂಗಳೂರು ಹೆಂಚು. ಪಶ್ಚಿಮದ ಕೋಣೆಯ ಗೋಡೆಗೆ ಪ್ರತಿ ಜುಲೈಯಲ್ಲಿ ಬೂಸ್ಟು ಬರುತ್ತಿತ್ತು. ಮೊದಲು ಕಪ್ಪು ಚುಕ್ಕಿ, ಆಮೇಲೆ ಅಂಗೈ ಅಗಲ, ಚೌತಿ ಹೊತ್ತಿಗೆ ಕಿಟಕಿಯವರೆಗೆ. ಹಬ್ಬಕ್ಕೆ ನೆಂಟರು ಬರುತ್ತಾರಲ್ಲ, ಅದರ ಮೇಲೊಂದು ದೊಡ್ಡ ಕ್ಯಾಲೆಂಡರ್ ತೂಗುಹಾಕುತ್ತಿದ್ದೆ.

ಮೂರು ಬೇಸಿಗೆ ಬಣ್ಣ ಹೊಡೆಸಿದೆ. ಮೂರನೆಯದು ಎಲ್ಲಕ್ಕಿಂತ ದುಬಾರಿ, ನೀರು ತಡೆಯುತ್ತದೆ ಎಂದು ಡಬ್ಬದ ಮೇಲೇ ಬರೆದಿತ್ತು. ಆ ಮಳೆಗಾಲ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಒತ್ತಿದರೆ ಒಳಗೆ ನೀರು.

ಕೊನೆಗೆ ಹಿರಿಯ ಗೌಂಡಿಯೊಬ್ಬರನ್ನು ಕರೆದೆ. ಅವರು ಒಳಗೆ ನೋಡಲೇ ಇಲ್ಲ. ಸೀದಾ ಹೊರಗೆ ಹೋಗಿ ಗೋಡೆ ತಟ್ಟಿದರು. ಸಿಮೆಂಟ್ ಗಿಲಾವಿನಲ್ಲಿ ಕೂದಲೆಳೆಯಷ್ಟು ಬಿರುಕು. "ನೀರು ಬರೂದು ಹೊರಗಿಂದ. ನೀವು ರೇನ್‌ಕೋಟ್ ತೊಡಸಿದ್ದು ಒಳಗೆ. ಹೋಗೂದೆಲ್ಲಿ ಅದು?" ಎಂದು ನಕ್ಕರು. ಚಿರೆಕಲ್ಲು ನೀರು ಕುಡಿಯುವ ಕಲ್ಲು. ಕುಡಿದದ್ದನ್ನು ಬಿಡಲು ದಾರಿ ಬೇಕು. ಆ ದಾರಿಗೆ ನಾನೇ ದುಡ್ಡು ಕೊಟ್ಟು ಪ್ಲಾಸ್ಟಿಕ್ ಬಣ್ಣ ಬಳಿಸಿದ್ದೆ.

ಇನ್ನೊಂದು ಗೋಡೆಯಲ್ಲಿ ಕಪಾಟಿನ ಹಿಂದೆಯೂ ಬೂಸ್ಟು ಇತ್ತು. ಅದಕ್ಕೂ ಇದೇ ಕಾರಣವಾ? ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅನ್ನು ಎರಡೂ ಗೋಡೆಗೆ ಟೇಪಿನಿಂದ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಟ್ಟೆ. ಪಶ್ಚಿಮದ ಗೋಡೆಯಲ್ಲಿ ಫಾಯಿಲ್‌ನ ಹಿಂದೆ ಪಸೆ: ಅದು ಗೋಡೆಯ ನೀರು. ಕಪಾಟಿನ ಹತ್ತಿರ ಪಸೆ ಫಾಯಿಲ್‌ನ ಮೇಲೆ: ಅದು ಕೋಣೆಯ ಗಾಳಿಯದು. ಅಲ್ಲೇ ಹಗ್ಗ ಕಟ್ಟಿ ಒದ್ದೆ ಬಟ್ಟೆ ಒಣಹಾಕುತ್ತಿದ್ದೆವು, ಮತ್ತಿನ್ನೇನಾಗುತ್ತದೆ! ಗೋಡೆಯ ಬುಡದಲ್ಲಿದ್ದ ಬಿಳಿ ಹುಡಿಯಂತೂ ಬೂಸ್ಟೇ ಅಲ್ಲ. ನೀರು ಹಾಕಿದರೆ ಕರಗಿತು. ಗೋಡೆ ಕಾರುವ ಉಪ್ಪು.

ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದೂ ಉಂಟು. ಕಪ್ಪು ಹೋಯಿತು, ಹದಿನೈದು ದಿನದಲ್ಲಿ ತಿರುಗಿ ಬಂತು. ಒಮ್ಮೆ ಅದರ ಮೇಲೆ ವಿನೆಗರ್ ಸುರಿದು ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದ್ದೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಕೆಲಸ ಶುರುಮಾಡಿದ್ದು ಫೆಬ್ರುವರಿಯಲ್ಲಿ. ಒಳಗಿನ ಬಣ್ಣ ಪೂರ್ತಿ ಕೆರೆಸಿದೆ. ಮೂಗಿಗೆ ಮಾಸ್ಕ್, ಕಿಟಕಿ ಬಾಗಿಲು ತೆರೆದು. ಹೊರಗಿನ ಬಿರುಕು ಗಿಲಾವು ಕಿತ್ತು ಸುಣ್ಣದ ಗಾರೆ ಹಾಕಿದರು. ಆಮೇಲೆ ಏಪ್ರಿಲ್‌ವರೆಗೆ ಗೋಡೆಯನ್ನು ಸುಮ್ನೆ ಬಿಟ್ಟೆವು. ಇದೇ ಕಷ್ಟದ ಕೆಲಸ, ಯಾಕೆಂದರೆ ಮನೆಗೆ ಬಂದವರೆಲ್ಲ "ಇನ್ನೂ ಮುಗಿಲಿಲ್ವಾ?" ಅನ್ನುತ್ತಿದ್ದರು. ಒಣಗಿದ ಮೇಲೆ ಮೂರು ಕೈ ಚಿಪ್ಪಿ ಸುಣ್ಣ. ಸುಣ್ಣ ಗೋಡೆಯ ಉಸಿರು ಕಟ್ಟುವುದಿಲ್ಲ, ಅದರ ಖಾರಕ್ಕೆ ಬೂಸ್ಟು ಬೇಗ ಹತ್ತುವುದೂ ಇಲ್ಲ. ಆದರೆ ಹಳೇ ಪೇಂಟಿನ ಮೇಲೆ ಬಳಿದರೆ ಕಚ್ಚಿ ನಿಲ್ಲುವುದಿಲ್ಲ.

ಮೇ ಕೊನೆಗೆ ಹೊರಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದೆ, ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು. ಎರಚಲು ತಟ್ಟಿಗೇ ಬಡಿಯುತ್ತದೆ, ಹಿಂದೆ ಗಾಳಿ ಆಡುತ್ತದೆ. ಅಜ್ಜನ ಕಾಲದಲ್ಲಿ ವರ್ಷವೂ ಕಟ್ಟುತ್ತಿದ್ದರು. ಚಂದ ಕಾಣುವುದಿಲ್ಲ ಎಂದು ಬಿಡಿಸಿದವನು ನಾನೇ.

ಕಪಾಟನ್ನು ಗೋಡೆಯಿಂದ ನಾಲ್ಕು ಇಂಚು ಈಚೆಗೆ ಎಳೆದೆ. ಒದ್ದೆ ಬಟ್ಟೆ ಈಗ ಬಚ್ಚಲ ಒಲೆಯ ಹತ್ತಿರ, ಅಂಗಿಗೆ ಹೊಗೆವಾಸನೆ ಬಂದರೂ ಪರವಾಗಿಲ್ಲ. ತೇವ ಅಳೆಯುವ ಸಣ್ಣ ಮೀಟರ್ ತಂದಿಟ್ಟೆ. ಶೇ. 70 ದಾಟಿ ಹಾಗೇ ನಿಂತರೆ ಬೂಸ್ಟಿಗೆ ಹಬ್ಬ. ಜಡಿಮಳೆಯಲ್ಲಿ ಕಿಟಕಿ ತೆರೆದರೆ ಅಂಕಿ ಇಳಿಯುವುದಿಲ್ಲ, ಏರುತ್ತದೆ! ಹೊಳವಾದಾಗ ಮಾತ್ರ ತೆರೆಯುತ್ತೇವೆ.

ಈ ಸಲ ಚೌತಿಗೆ ಕ್ಯಾಲೆಂಡರ್ ತೂಗಲಿಲ್ಲ. ಕಿಟಕಿಯ ಮೂಲೆಯಲ್ಲಿ ನಾಲ್ಕಾಣೆ ಅಗಲದ ಕಪ್ಪು ಇತ್ತು, ಒರೆಸಿದೆ. ಗೋಡೆಗೆ ಒರಗಿ ಕೂತ ಭಾವನ ಹೊಸ ಅಂಗಿಯ ಬೆನ್ನು ಮಾತ್ರ ಬೆಳ್ಳಗಾಗಿತ್ತು.