ಎಲ್ಲಿ ಕಾಯುತ್ತಿದ್ದಿರಿ?

ಮೈಸೂರಿನ ಸಲಿಂಗಿ ಪುರುಷರು ಹಿಂದೆ ಒಬ್ಬರನ್ನೊಬ್ಬರು ಎಲ್ಲಿ, ಹೇಗೆ ಕಂಡುಕೊಳ್ಳುತ್ತಿದ್ದರು ಎಂಬುದನ್ನು ಹಿರಿಯರ ಬಾಯಿಂದಲೇ ಕೇಳಿ ಬರೆದಿಡಬೇಕೆಂದು ನಾನು ಹೊರಟದ್ದು 2012ರಲ್ಲಿ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನ ಬಿಗಿಯನ್ನು ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ಸಡಿಲಿಸಿ ಮೂರು ವರ್ಷವಾಗಿತ್ತು; ನಮ್ಮಂಥವರಿಗೆ ತುಸು ಧೈರ್ಯ ಬಂದಿತ್ತು. ನಾನೂ ಅದೇ ಸಮುದಾಯದವನಾದ್ದರಿಂದ ಹಿರಿಯರು ಸಲೀಸಾಗಿ ಮಾತಾಡುತ್ತಾರೆಂದುಕೊಂಡಿದ್ದೆ. ಹಾಗಾಗಲಿಲ್ಲ.

ತಪ್ಪು ನನ್ನ ಪ್ರಶ್ನೆಯಲ್ಲಿತ್ತು. 'ನೀವು ಗೇ ಎಂದು ನಿಮಗೆ ಗೊತ್ತಾದದ್ದು ಯಾವಾಗ?' ಎಂದು ಕೇಳಿದರೆ ಎದುರಿನವರು ಪೊಲೀಸ್ ವಿಚಾರಣೆಗೆ ಕುಳಿತವರಂತೆ ಮುದುಡುತ್ತಿದ್ದರು. ಅನೇಕರಿಗೆ ಆ ಪದವೇ ತಮ್ಮದಾಗಿರಲಿಲ್ಲ. ಅವರ ನಾಲಿಗೆಯ ಮೇಲಿದ್ದದ್ದು ಕೋತಿ, ಪಂತಿ ಎಂಬ ಒಳಮಾತುಗಳು: ಕೋತಿ ಎಂದರೆ ಹೆಣ್ಣಿನ ನಡೆನುಡಿಯ ಗಂಡಸು, ಪಂತಿ ಎಂದರೆ ಅವನ ಗಂಡು ಸಂಗಾತಿ. ತುಂಬಿದ ಬಸ್ಸಿನಲ್ಲಿ 'ಅವನೂ ಕೋತಿನೇ' ಎಂದರೂ ಯಾರೂ ತಿರುಗಿ ನೋಡುತ್ತಿರಲಿಲ್ಲವಂತೆ. ಕೇಳಿದವರು ಮಂಗವೆಂದೇ ತಿಳಿದು ಸುಮ್ಮನಾಗುತ್ತಿದ್ದರು. ಆಮೇಲೆ ನಾನು ಒಂದೇ ಪ್ರಶ್ನೆಯಿಂದ ಆರಂಭಿಸತೊಡಗಿದೆ: 'ಎಲ್ಲಿ ಕಾಯುತ್ತಿದ್ದಿರಿ?' ಅದಕ್ಕೆ ಮಾತ್ರ ಎಲ್ಲರ ಬಳಿಯೂ ಉತ್ತರವಿತ್ತು.

ಮಂಡ್ಯ ಕಡೆಯ ಒಬ್ಬ ಹಿರಿಯರು ತೊಂಬತ್ತರ ದಶಕದಲ್ಲಿ ತಿಂಗಳಿಗೊಂದೆರಡು ಭಾನುವಾರ ಪ್ಯಾಸೆಂಜರ್ ರೈಲು ಹತ್ತಿ ಮೈಸೂರಿಗೆ ಬರುತ್ತಿದ್ದರು. ಅರಮನೆಯ ದೀಪ ನೋಡಿಕೊಂಡು ಬರುತ್ತೇನೆಂದರೆ ಮನೆಯಲ್ಲಿ ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ. ಪ್ರತಿ ಸಲವೂ ಅದೇ ದೀಪವೇ ಎಂದು ಹೆಂಡತಿ ಒಮ್ಮೆ ನಕ್ಕದ್ದನ್ನು ಹೇಳುವಾಗ ಅವರು ನಗಲಿಲ್ಲ. ಒಂದು ಉದ್ಯಾನದ ಬೆಂಚಿನಲ್ಲಿ ಕುಳಿತು, ತುಂಬುತೋಳನ್ನು ಮಣಿಕಟ್ಟಿನವರೆಗೆ ಇಳಿಸಿ, ಕಟ್ಟಿದ್ದ ಗಡಿಯಾರವನ್ನು ಮುಚ್ಚಿಕೊಂಡು, ಪಕ್ಕದವರನ್ನು 'ಟೈಮ್ ಎಷ್ಟಾಯಿತು ಸಾರ್?' ಎಂದು ಕೇಳುವುದು ಅವರ ರೂಢಿ. ಎದುರಿನವರು ಹೊತ್ತು ಹೇಳಿ ಎದ್ದುಹೋದರೆ ಅಲ್ಲಿಗೆ ಮುಗಿಯಿತು, 'ನಿಮಗೇನು ಅವಸರ?' ಎಂದರೆ ಮಾತು ಮುಂದುವರಿಯುತ್ತಿತ್ತು. ಇದನ್ನು ವಿವರಿಸುವಾಗ ಎಪ್ಪತ್ತು ದಾಟಿದ ಅವರ ಕೈ ತಾನಾಗಿಯೇ ಅಂಗಿಯ ತೋಳನ್ನು ಕೆಳಗೆಳೆಯಿತು. ಬೆಂಗಳೂರಿನಲ್ಲಿ 1994ರಿಂದ 'ಗುಡ್ ಆ್ಯಸ್ ಯು' ಎಂಬ ನಮ್ಮಂಥವರ ಗುಂಪು ಗುರುವಾರಗಳಂದು ಸೇರುತ್ತಿದ್ದ ಸುದ್ದಿ ಅವರಿಗೂ ತಲುಪಿತ್ತು. ಒಂದು ಗುರುವಾರ ಬೆಂಗಳೂರಿನ ನಿಲ್ದಾಣದವರೆಗೂ ಹೋಗಿ, ಕಾಫಿ ಕುಡಿದು, ಮುಂದಿನ ರೈಲಿಗೇ ಮರಳಿದರಂತೆ.

ನಾಲ್ಕು ಗೋಡೆಗಳ ನಡುವೆ ಕೂರುವ ಅವಕಾಶ ನಮ್ಮೂರಿನಲ್ಲಿ ಅನೇಕರಿಗೆ ಒದಗಿದ್ದು ಈ ಶತಮಾನದ ಮೊದಲ ದಶಕದಲ್ಲಿ, ಅದೂ ಎಚ್‌ಐವಿ ತಡೆಯುವ ಕೆಲಸದ ನೆಪದಲ್ಲಿ. ಲೈಂಗಿಕ ಕಾರ್ಯಕರ್ತರೇ ಕಟ್ಟಿಕೊಂಡ ಆಶೋದಯ ಸಮಿತಿಯಲ್ಲಿ ಹೆಂಗಸರ ಜೊತೆಗೆ ಗಂಡಸರೂ ಲಿಂಗತ್ವ ಅಲ್ಪಸಂಖ್ಯಾತರೂ ಇದ್ದರು. ಕಾಯಿಲೆಯ ಹೆಸರಿಲ್ಲದೆ ನಮಗೊಂದು ಕೋಣೆ ಸಿಗಲಿಲ್ಲವಲ್ಲ ಎಂಬ ಬೇಸರ ನನಗೆ ಈಗಲೂ ಇದೆ.

2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ದೆಹಲಿಯ ತೀರ್ಪನ್ನು ತಳ್ಳಿಹಾಕಿತು. ಅಂದು ರಾತ್ರಿ ನನ್ನ ಎರಡು ನೋಟ್‌ಬುಕ್‌ಗಳನ್ನು ಹಿತ್ತಲ ಒಲೆಗೆ ಹಾಕಿದೆ, ಏಕೆಂದರೆ ಅವುಗಳಲ್ಲಿ ಹೆಸರು, ಕೆಲಸದ ಜಾಗ, ತಾರೀಖುಗಳೆಲ್ಲ ಮರೆಮಾಚದೆ ಇದ್ದವು. ಹನ್ನೊಂದು ಮಂದಿಯ ಮಾತು ಹೋಯಿತು. ಅವರಲ್ಲಿ ಮೂವರು ಈಗ ಇಲ್ಲ. ಸುಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಸುಡಬೇಕಾಗುವಂತೆ ಬರೆದದ್ದು ತಪ್ಪೇ ಸರಿ.

ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ತೀರ್ಪು ಬಂದ ಮೇಲೆ ಮತ್ತೆ ಆರಂಭಿಸಿದಾಗ ಕ್ರಮವನ್ನು ಬದಲಿಸಿದೆ. ಯಾರ ಹೆಸರನ್ನೂ ಬರೆಯದೆ, ಒಬ್ಬೊಬ್ಬರಿಗೂ ನಮ್ಮ ನಾಡಿನ ಭತ್ತದ ತಳಿಯೊಂದರ ಹೆಸರಿಟ್ಟೆ: ರಾಜಮುಡಿ, ರತ್ನಚೂಡಿ, ಗಂಧಸಾಲೆ. ಈಗಲೂ ಜನ ಸೇರುವ ಜಾಗಗಳ ಗುರುತನ್ನು ಎಲ್ಲಿಯೂ ಬಿಟ್ಟುಕೊಡುವುದಿಲ್ಲ. ಕೂತು ಮಾತಾಡೋಣವೆಂದರೆ ಮನೆಯಲ್ಲಿ ಮೊಮ್ಮಕ್ಕಳ ಕಿವಿ, ಹೋಟೆಲಿನಲ್ಲಿ ಪಕ್ಕದ ಮೇಜಿನವರ ಕಿವಿ. ಹಾಗಾಗಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಲೇ, ರೆಕಾರ್ಡರನ್ನು ಅವರ ಅಂಗಿಯ ಜೇಬಿನಲ್ಲಿ ಇಟ್ಟು ಮಾತಾಡಿಸುತ್ತೇನೆ. ಬೇಡವೆನಿಸಿದಾಗ ಗುಂಡಿ ಒತ್ತಿ ನಿಲ್ಲಿಸುವುದು ಅವರದೇ ಕೈಯಲ್ಲಿರುತ್ತದೆ. ಧ್ವನಿಯ ಜೊತೆ ಕೊಕ್ಕರೆಗಳ ಗದ್ದಲವೂ ಸೇರುತ್ತದೆ, ಸೇರಲಿ. ಕೊನೆಗೆ ಪೂರ್ತಿ ಕೇಳಿಸಿ, ಅವರು ಅಳಿಸೆಂದದ್ದನ್ನು ಅಳಿಸುತ್ತೇನೆ.

ಮಂಡ್ಯದ ಹಿರಿಯರೇ ರತ್ನಚೂಡಿ. ಸುಟ್ಟುಹೋದ ಮಾತನ್ನು ಎರಡನೇ ಸಲ ಹೇಳಲು ಒಪ್ಪಿದವರು ಅವರೊಬ್ಬರೇ. ಕಳೆದ ಸಲ ಕೇಳಿಸಿದಾಗ ಅವರು ಏನನ್ನೂ ಅಳಿಸಲು ಹೇಳಲಿಲ್ಲ; ಬದಲಾಗಿ, ಬೆಂಚಿನ ಮೇಲೆ 'ನಿಮಗೇನು ಅವಸರ?' ಎಂದು ಮೊದಲು ಕೇಳಿದ ಗೆಳೆಯನ ನಿಜವಾದ ಹೆಸರನ್ನು ಸೇರಿಸಬೇಕೆಂದು ಹಟ ಹಿಡಿದರು. 'ಅವನು ಹೋಗಿ ಒಂಬತ್ತು ವರ್ಷವಾಯಿತು, ಇನ್ನು ಅವನಿಗೆ ಯಾರ ಹೆದರಿಕೆ?' ಎಂದರು. ಅವನ ಮಕ್ಕಳಿದ್ದಾರೆ ಎಂದೆ. 'ಅವರು ಅವನನ್ನು ಕೇಳುತ್ತಿದ್ದರೇ?' ಎಂದು ಕೆರೆಯ ಕಡೆ ಮುಖ ತಿರುಗಿಸಿದರು. ಆ ಹೆಸರಿರುವ ಪ್ರತಿಯನ್ನು ಬೇರೆಯಾಗಿ ಇಟ್ಟಿದ್ದೇನೆ. ಬರುವ ತಿಂಗಳು ಅವರು ಮತ್ತೆ ಕೇಳುತ್ತಾರೆ.