ಹೊಸ ಪತಂಗ ಪ್ರಭೇದವೊಂದನ್ನು ವಿವರಿಸುವ ಬಗೆ

ಉಷ್ಣವಲಯದ ಕಾಡಿನಲ್ಲಿ ಬಿಳಿ ಬಟ್ಟೆ ಕಟ್ಟಿ ದೀಪ ಉರಿಸಿ ಕುಳಿತವರಿಗೆ ಹೆಸರು ಗೊತ್ತಿಲ್ಲದ ಪತಂಗ ಸಿಗುವುದು ಅಚ್ಚರಿಯ ಸಂಗತಿಯಲ್ಲ. ಒಂದೇ ರಾತ್ರಿಯಲ್ಲಿ ಅಂಥವು ಹತ್ತಾರು ಬಂದು ಕೂರುತ್ತವೆ. ಆದರೆ ‘ಇದರ ಹೆಸರು ನನಗೆ ಗೊತ್ತಿಲ್ಲ’ ಎನ್ನುವುದಕ್ಕೂ ‘ಇದಕ್ಕೆ ಯಾರೂ ಇನ್ನೂ ಹೆಸರಿಟ್ಟಿಲ್ಲ’ ಎನ್ನುವುದಕ್ಕೂ ನಡುವೆ ಬಹಳ ದೂರವಿದೆ. ಚಿಟ್ಟೆ ಮತ್ತು ಪತಂಗಗಳ ಗಣದಲ್ಲಿ ಈವರೆಗೆ ಸುಮಾರು 1,60,000 ಪ್ರಭೇದಗಳು ಹೆಸರು ಪಡೆದಿದ್ದು, ಅವುಗಳಲ್ಲಿ ಬಹುಪಾಲು ಪತಂಗಗಳೇ ಆಗಿವೆ. ನಿಮ್ಮ ಕೈಯಲ್ಲಿರುವುದು ಇವುಗಳಲ್ಲಿ ಯಾವುದೂ ಅಲ್ಲವೆಂದು ತೋರಿಸುವುದರಲ್ಲೇ ಕೆಲಸದ ದೊಡ್ಡ ಪಾಲು ಕಳೆಯುತ್ತದೆ.

ಎಲ್ಲವೂ ಶುರುವಾಗುವುದು ಮಾದರಿಯಿಂದ. ಸಂಗ್ರಹಿಸುವ ಮೊದಲೇ ಆಯಾ ದೇಶದ ಕಾನೂನಿನಂತೆ ಅನುಮತಿ ಪಡೆದಿರಬೇಕು; ಜೈವಿಕ ಸಂಪನ್ಮೂಲಗಳ ಬಳಕೆ ಮತ್ತು ಲಾಭ ಹಂಚಿಕೆಗೆ ಸಂಬಂಧಿಸಿ 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ನಂತರ ಮಾದರಿಗಳನ್ನು ಗಡಿ ದಾಟಿಸುವುದು ಇನ್ನಷ್ಟು ಸೂಕ್ಷ್ಮವಾಗಿದೆ, ಮತ್ತು ಅನುಮತಿಯ ದಾಖಲೆ ಕೇಳುವ ನಿಯತಕಾಲಿಕೆಗಳೂ ಇವೆ. ಪತಂಗವನ್ನು ಸೂಜಿಗೆ ಚುಚ್ಚಿ ರೆಕ್ಕೆ ಹರಡಿ ಒಣಗಿಸುವ ಮುನ್ನ ಒಂದು ಬದಿಯ ಒಂದೆರಡು ಕಾಲುಗಳನ್ನು ತೆಗೆದು ಶೇಕಡಾ 95ಕ್ಕೂ ಹೆಚ್ಚು ಸಾಂದ್ರತೆಯ ಎಥನಾಲಿನಲ್ಲಿ ಇಟ್ಟುಕೊಂಡರೆ ಮುಂದೆ ಡಿಎನ್ಎ ಪರೀಕ್ಷೆಗೆ ಅನುಕೂಲ. ಹಸಿರು ಬಣ್ಣದ ಪತಂಗಗಳನ್ನು ತೇವದಲ್ಲಿ ಇಟ್ಟು ಮೆದುಗೊಳಿಸಿದರೆ ಬಣ್ಣ ಹಳದಿಗೆ ತಿರುಗುವುದರಿಂದ ಅವುಗಳ ರೆಕ್ಕೆಯನ್ನು ಆಗಿಂದಾಗಲೇ ಹರಡಬೇಕು. ಸ್ಥಳ, ಅಕ್ಷಾಂಶ ಮತ್ತು ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು, ಇವಿಷ್ಟೂ ಇರುವ ಚೀಟಿ ಅದೇ ಸೂಜಿಯಲ್ಲಿ ಇರಬೇಕು. ಚೀಟಿಯಿಲ್ಲದ ಮಾದರಿ ಎಷ್ಟೇ ಸುಂದರವಾಗಿದ್ದರೂ ಪ್ರಭೇದ ವಿವರಣೆಗೆ ಬಹುಮಟ್ಟಿಗೆ ನಿರುಪಯುಕ್ತ. ಒಂದೇ ಮಾದರಿಯಿಂದ ಹೊಸ ಪ್ರಭೇದ ವಿವರಿಸುವುದಕ್ಕೆ ನಿಯಮದ ಅಡ್ಡಿಯಿಲ್ಲವಾದರೂ, ಗಂಡು ಹೆಣ್ಣು ಎರಡೂ ಸೇರಿ ಕೆಲವಾದರೂ ಸಿಗುವವರೆಗೆ ಕಾಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದೇ ಪ್ರಭೇದದ ಪತಂಗಗಳು ಬಣ್ಣದಲ್ಲಿ ಎಷ್ಟು ಬದಲಾಗುತ್ತವೆ ಎಂಬುದು ಸರಣಿಯನ್ನು ಸಾಲಾಗಿ ಇಟ್ಟು ನೋಡಿದಾಗಲೇ ಗೊತ್ತಾಗುವುದು.

ನಂತರ ಕುಟುಂಬವನ್ನೂ ಕುಲವನ್ನೂ ಗುರುತಿಸಬೇಕು. ಇದಕ್ಕೆ ಬಣ್ಣಕ್ಕಿಂತ ದೇಹರಚನೆ ನಂಬಲರ್ಹ. ಜಿಯೊಮೆಟ್ರಿಡೀ ಕುಟುಂಬದಲ್ಲಿ ಕಿವಿಗಳು ಉದರದ ಬುಡದಲ್ಲಿದ್ದರೆ, ನಾಕ್ಟೂಯಿಡಿಯಾ ಗುಂಪಿನಲ್ಲಿ ಅವು ಎದೆಯ ಹಿಂಭಾಗದಲ್ಲಿರುತ್ತವೆ. ರೆಕ್ಕೆಯ ನರವಿನ್ಯಾಸ, ತುಟಿಸ್ಪರ್ಶಕಗಳ ಉದ್ದ ಮತ್ತು ಬಾಗು, ಕುಡಿಮೀಸೆ ದಾರದಂತಿದೆಯೋ ಬಾಚಣಿಗೆಯಂತಿದೆಯೋ ಎಂಬುದು, ಹೀರುನಳಿಕೆಯ ಬುಡದಲ್ಲಿ ಹುರುಪೆಗಳಿವೆಯೇ ಎಂಬುದು, ಇವೆಲ್ಲ ಸೂಕ್ಷ್ಮದರ್ಶಕದಡಿ ಕಾಣುವ ಸುಳಿವುಗಳು. ಹಿಂರೆಕ್ಕೆಯ ಬುಡದಿಂದ ಹೊರಟು ಮುಂರೆಕ್ಕೆಗೆ ಕೊಂಡಿಯಾಗುವ ಬಿರುಗೂದಲು ಸಾಮಾನ್ಯವಾಗಿ ಗಂಡಿನಲ್ಲಿ ಒಂದೇ, ಹೆಣ್ಣಿನಲ್ಲಿ ಎರಡು ಅಥವಾ ಹೆಚ್ಚು. ಲಿಂಗ ತಿಳಿಯಲು ಇದು ಸುಲಭದ ದಾರಿ.

ಕುಲ ನಿಶ್ಚಯವಾದ ಮೇಲೆ ನಿಜವಾದ ಶ್ರಮ ಆರಂಭವಾಗುತ್ತದೆ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ 1758ರ ಜನವರಿ 1ರಿಂದ ಶುರುವಾಗುತ್ತದೆ, ಮತ್ತು ಆದ್ಯತೆಯ ನಿಯಮದಂತೆ ಒಂದೇ ಪ್ರಭೇದಕ್ಕೆ ಎರಡು ಹೆಸರುಗಳು ಬಿದ್ದಿದ್ದರೆ ಸಾಮಾನ್ಯವಾಗಿ ಹಳೆಯದೇ ಉಳಿಯುತ್ತದೆ. ಹೀಗಾಗಿ ಆ ಕುಲದಲ್ಲಿ ಈವರೆಗೆ ಪ್ರಕಟವಾದ ಪ್ರತಿಯೊಂದು ಹೆಸರನ್ನೂ, ಇಂದು ಸಮಾನನಾಮವೆಂದು ಬದಿಗಿಟ್ಟಿರುವವನ್ನೂ ಬಿಡದೆ, ಮೂಲ ವಿವರಣೆಯೊಂದಿಗೆ ಹುಡುಕಿ ಓದಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹವನ್ನು ಪಟ್ಟಿ ಮಾಡಿದ ಫ್ರಾನ್ಸಿಸ್ ವಾಕರ್ ಅವರಂಥವರು ಉಷ್ಣವಲಯದ ಪತಂಗಗಳಿಗೆ ಲೆಕ್ಕವಿಲ್ಲದಷ್ಟು ಹೆಸರುಗಳನ್ನು ಕೊಟ್ಟಿದ್ದಾರೆ. ಆ ಕಾಲದ ವಿವರಣೆಗಳು ಹೆಚ್ಚಾಗಿ ಕೆಲವೇ ಸಾಲಿನವು, ಚಿತ್ರವಿಲ್ಲದವು. ‘ಕಂದು ಬಣ್ಣ, ಅಂಕುಡೊಂಕಾದ ಗೆರೆ’ ಎಂಬ ಮಾತು ಇಡೀ ಕುಲಕ್ಕೇ ಹೊಂದಿಬಿಡುತ್ತದೆ. ಆಗ ಮೂಲ ಮಾದರಿಯನ್ನೇ ನೋಡದೆ ಗತ್ಯಂತರವಿಲ್ಲ. ಸಂಗ್ರಹಾಲಯಕ್ಕೆ ಹೋಗಲಾಗದಿದ್ದರೆ ಅಲ್ಲಿನ ಕ್ಯುರೇಟರಿಗೆ ಬರೆದು, ರೆಕ್ಕೆಯ ಮೇಲ್ಭಾಗ, ಕೆಳಭಾಗ, ಚೀಟಿಗಳು, ಈಗಾಗಲೇ ಜನನಾಂಗದ ಸ್ಲೈಡ್ ಇದ್ದರೆ ಅದರ ಚಿತ್ರ, ಇಷ್ಟನ್ನು ಕೇಳಿ ಪಡೆಯಬಹುದು. ಈ ಹಂತವನ್ನು ಹಾರಿ ಮುಂದೆ ಹೋದವರ ‘ಹೊಸ’ ಪ್ರಭೇದಗಳೇ ನಾಳೆ ಸಮಾನನಾಮಗಳ ಪಟ್ಟಿಗೆ ಸೇರುವುದು.

ಮೇಲ್ನೋಟಕ್ಕೆ ಬೇರ್ಪಡಿಸಲಾಗದ ಪ್ರಭೇದಗಳು ಜನನಾಂಗದ ರಚನೆಯಲ್ಲಿ ಹೆಚ್ಚಾಗಿ ಸ್ಪಷ್ಟವಾಗಿ ಬೇರೆಯಾಗುತ್ತವೆ. ಆದ್ದರಿಂದ ಛೇದನವಿಲ್ಲದ ಪತಂಗ ವಿವರಣೆಯನ್ನು ಇಂದು ಬಹುತೇಕ ಯಾರೂ ಒಪ್ಪುವುದಿಲ್ಲ. ಒಣಗಿದ ಮಾದರಿಯ ಉದರವನ್ನು ಚಿಮುಟದಿಂದ ಮೃದುವಾಗಿ ಮೇಲಕ್ಕೆ ಒತ್ತಿದರೆ ಅದು ಬಿಡಿಸಿಕೊಳ್ಳುತ್ತದೆ. ಅದನ್ನು ಶೇಕಡಾ 10ರ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಒಂದು ರಾತ್ರಿ ನೆನೆಯಲು ಬಿಡಬೇಕು, ಇಲ್ಲವೇ ಬಿಸಿನೀರಿನ ಪಾತ್ರೆಯಲ್ಲಿ ದ್ರಾವಣದ ನಳಿಕೆಯನ್ನಿಟ್ಟು ಕೆಲವು ನಿಮಿಷ ಕಾಯಿಸಬೇಕು. ಅವಸರದಿಂದ ಹೆಚ್ಚು ಕಾಯಿಸಿದರೆ ಹೆಣ್ಣಿನ ತೆಳುಪೊರೆಯ ಭಾಗಗಳು ಹಾಳಾಗುತ್ತವೆ. ಮೃದು ಅಂಗಾಂಶ ಕರಗಿದ ಬಳಿಕ ದುರ್ಬಲ ಆಲ್ಕೊಹಾಲಿನಲ್ಲಿ ಸಣ್ಣ ಕುಂಚದಿಂದ ಹುರುಪೆಗಳನ್ನು ತೊಳೆದು, ಗಂಡಿನಲ್ಲಾದರೆ ಹೆಣ್ಣನ್ನು ಹಿಡಿಯುವ ಎರಡು ಫಲಕಗಳಾದ ವಾಲ್ವಾಗಳನ್ನು ಬಿಡಿಸಿ ಹರಡಿ, ಶಿಶ್ನಕೋಶವನ್ನು ಬೇರೆಯಾಗಿ ತೆಗೆದು, ಸಾಧ್ಯವಾದರೆ ಅದರೊಳಗಿನ ವೆಸಿಕಾ ಚೀಲವನ್ನು ಸೂಕ್ಷ್ಮ ಸಿರಿಂಜಿನಿಂದ ಉಬ್ಬಿಸಿ ಹೊರಳಿಸಬೇಕು; ಅದರ ಮೇಲಿನ ಮುಳ್ಳುಗಳ ಸಂಖ್ಯೆ ಮತ್ತು ಸ್ಥಾನ ಅನೇಕ ಕುಲಗಳಲ್ಲಿ ನಿರ್ಣಾಯಕ. ಹೆಣ್ಣಿನಲ್ಲಿ ವೀರ್ಯ ಸೇರುವ ಬರ್ಸಾ ಚೀಲದ ಆಕಾರ, ಅದರ ಗೋಡೆಯ ಮೇಲಿನ ಸಿಗ್ನಮ್ ಎಂಬ ಗಟ್ಟಿ ಗುರುತು, ಚೀಲಕ್ಕೆ ಹೋಗುವ ನಾಳದ ಉದ್ದ, ಇವನ್ನು ಗಮನಿಸಬೇಕು. ಪೊರೆಗಳು ಕಾಣುವಂತೆ ಕ್ಲೋರಜೋಲ್ ಬ್ಲಾಕ್ ಬಣ್ಣ ಹಾಕಿ, ಆಲ್ಕೊಹಾಲಿನಲ್ಲಿ ನೀರಿನಂಶ ತೆಗೆದು, ಯೂಪರಾಲ್ ಎಂಬ ಅಂಟುದ್ರವದಲ್ಲಿ ಸ್ಲೈಡ್ ಮಾಡುವುದು ರೂಢಿ. ಸ್ಲೈಡಿನಲ್ಲಿ ಒತ್ತಿದ ಮೇಲೆ ಮೂರು ಆಯಾಮದ ರೂಪ ಕಳೆದುಹೋಗುವುದರಿಂದ ಒತ್ತುವ ಮೊದಲೇ ಚಿತ್ರ ತೆಗೆಯಿರಿ. ಸ್ಲೈಡಿನ ಸಂಖ್ಯೆಯನ್ನು ಪತಂಗದ ಸೂಜಿಗೂ ಅಂಟಿಸಲು ಮರೆಯಬೇಡಿ.

ಡಿಎನ್ಎ ಬಾರ್‌ಕೋಡ್ ಈಗ ವಿವರಣೆಯ ಸಾಮಾನ್ಯ ಅಂಗವಾಗಿದೆ. 2003ರಲ್ಲಿ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಮುಂದಿಟ್ಟ ಈ ವಿಧಾನದಲ್ಲಿ ಮೈಟೊಕಾಂಡ್ರಿಯಾದ ಸಿಒಐ ಜೀನಿನ 658 ಅಕ್ಷರಗಳ ತುಣುಕನ್ನು ಓದಿ ಬೋಲ್ಡ್ ಎಂಬ ಬಾರ್‌ಕೋಡ್ ದತ್ತಸಂಚಯದೊಂದಿಗೆ ಹೋಲಿಸುತ್ತಾರೆ. ಮರುವರ್ಷವೇ ಕೋಸ್ಟರಿಕಾದ ಅಸ್ಟ್ರಾಪ್ಟೆಸ್ ಫಲ್ಗರೇಟರ್ ಎಂಬ ಒಂದೇ ಚಿಟ್ಟೆಯೊಳಗೆ ಹತ್ತು ಪ್ರಭೇದಗಳು ಅಡಗಿವೆಯೆಂದು ಈ ವಿಧಾನದ ನೆರವಿನಿಂದ ವಾದಿಸಲಾಯಿತು. ಅಲ್ಲಿ ಮರಿಹುಳುಗಳ ಬಣ್ಣ ಮತ್ತು ಅವು ತಿನ್ನುವ ಗಿಡಗಳ ಮಾಹಿತಿಯೂ ಜೊತೆಗಿತ್ತು ಎಂಬುದು ಗಮನಾರ್ಹ. ಇಷ್ಟು ಶೇಕಡಾ ವ್ಯತ್ಯಾಸವಿದ್ದರೆ ಹೊಸ ಪ್ರಭೇದ ಎಂದು ಗೆರೆ ಎಳೆಯಲಾಗದು. ವೊಲ್ಬಾಕಿಯಾ ಬ್ಯಾಕ್ಟೀರಿಯಾದ ಸೋಂಕು ಮತ್ತು ಹಿಂದಿನ ಸಂಕರಗಳು ಮೈಟೊಕಾಂಡ್ರಿಯಾದ ಕಥೆಯನ್ನು ತಿರುಚಬಲ್ಲವು. ರಚನೆ, ಜೀನು, ಜೀವನಕ್ರಮ ಮೂರೂ ಒಂದೇ ಕಡೆ ಬೆರಳು ತೋರಿದರೆ ಧೈರ್ಯವಾಗಿ ಮುಂದುವರಿಯಬಹುದು.

ಇನ್ನು ಬರವಣಿಗೆ. ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರಂತೆ ಹೆಸರು ಹೊಸದೆಂದು ಸ್ಪಷ್ಟವಾಗಿ ಹೇಳಿರಬೇಕು. ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾಗುವ ಒಂದೇ ಮಾದರಿ, ಯಾವುದೆಂದು ನಿಗದಿಪಡಿಸಿರಬೇಕು. ಅದನ್ನು ಯಾವ ಸಂಗ್ರಹದಲ್ಲಿ ಇಡಲಾಗಿದೆ ಅಥವಾ ಇಡಲಾಗುವುದು ಎಂದು ತಿಳಿಸಿರಬೇಕು. ಬೇರೆ ಪ್ರಭೇದಗಳಿಂದ ಇದನ್ನು ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಬರೆದಿರಬೇಕು. ಎಷ್ಟೇ ಒಳ್ಳೆಯ ಛಾಯಾಚಿತ್ರವಾದರೂ ಅದೊಂದೇ ಸಾಲದು. ಈ ಕೊನೆಯ ಅಂಶವೇ ‘ಭೇದಸೂಚಿ’ ಎನ್ನಬಹುದಾದ ಭಾಗ, ಮತ್ತು ಇಡೀ ಲೇಖನದಲ್ಲಿ ಅತಿ ಹೆಚ್ಚು ಸಮಯ ಬೇಡುವ ಪ್ಯಾರಾ. ‘ಹತ್ತಿರದ ಪ್ರಭೇದಕ್ಕಿಂತ ಚಿಕ್ಕದು, ಗಾಢವಾದುದು’ ಎಂದರೆ ಓದುಗನಿಗೆ ಏನೂ ಸಿಗುವುದಿಲ್ಲ, ‘ಇದರಲ್ಲಿ ವಾಲ್ವಾದ ತುದಿ ದುಂಡು, ಅದರಲ್ಲಿ ಚೂಪು, ಇದರ ವೆಸಿಕಾದಲ್ಲಿ ಎರಡು ಮುಳ್ಳು, ಅದರಲ್ಲಿ ಒಂದು’ ಎಂದಾಗ ಮಾತ್ರ ಬೇರೊಂದು ಮಾದರಿಯನ್ನು ಎದುರಿಗಿಟ್ಟುಕೊಂಡು ಕುಳಿತವನು ತೀರ್ಮಾನಿಸಬಲ್ಲ. ವಿವರಣೆಯು ತಲೆಯಿಂದ ಎದೆ, ರೆಕ್ಕೆ, ಉದರ, ಜನನಾಂಗ ಎಂಬ ಕ್ರಮದಲ್ಲಿ ಸಾಗುತ್ತದೆ. ಮುಂರೆಕ್ಕೆಯ ಉದ್ದವನ್ನು ಬುಡದಿಂದ ತುದಿಯವರೆಗೆ ಅಳೆದು ಮಿಲಿಮೀಟರಿನಲ್ಲಿ, ಎಷ್ಟು ಮಾದರಿಗಳನ್ನು ಅಳೆದಿರೆಂಬುದರೊಂದಿಗೆ ಕೊಡಬೇಕು. ಮರಿಹುಳುವಿನ ಆಹಾರ ಸಸ್ಯ ತಿಳಿಯದಿದ್ದರೆ ತಿಳಿದಿಲ್ಲವೆಂದೇ ಬರೆಯಿರಿ.

ಹೆಸರಿಡುವುದು ಎಲ್ಲರಿಗೂ ಇಷ್ಟದ ಭಾಗ. ಪುರುಷನೊಬ್ಬನ ಹೆಸರಿನಿಂದಾದರೆ ಪದ ಸಾಮಾನ್ಯವಾಗಿ ‘ಇ’ ಎಂದೂ, ಮಹಿಳೆಯ ಹೆಸರಿನಿಂದಾದರೆ ‘ಏ’ ಎಂದೂ, ಸ್ಥಳದಿಂದಾದರೆ ‘ಎನ್ಸಿಸ್’ ಎಂದೂ ಕೊನೆಯಾಗುತ್ತದೆ. ತನ್ನ ಹೆಸರನ್ನೇ ತಾನು ಇಟ್ಟುಕೊಳ್ಳುವುದನ್ನು ಸಂಹಿತೆ ನಿಷೇಧಿಸಿಲ್ಲ, ಆದರೆ ಹಾಗೆ ಮಾಡಿದವರನ್ನು ಸಹೋದ್ಯೋಗಿಗಳು ನಗದೆ ಬಿಡುವುದಿಲ್ಲ. ಹೆಸರಿನ ಹಿಂದೆ ಕಥೆಯಿದ್ದರೆ ಚೆಂದ: ಮಡಗಾಸ್ಕರಿನ ಉದ್ದ ನಳಿಕೆಯ ಆರ್ಕಿಡ್ ಹೂವನ್ನು ನೋಡಿ ಅಷ್ಟೇ ಉದ್ದದ ಹೀರುನಳಿಕೆಯ ಪತಂಗ ಇರಲೇಬೇಕೆಂದು ಡಾರ್ವಿನ್ 1862ರಲ್ಲಿ ಊಹಿಸಿದ್ದರು; 1903ರಲ್ಲಿ ರಾತ್‌ಸ್ಚೈಲ್ಡ್ ಮತ್ತು ಜೋರ್ಡನ್ ಅದನ್ನು ಉಪಪ್ರಭೇದವಾಗಿ ವಿವರಿಸಿ ‘ಪ್ರೆಡಿಕ್ಟಾ’, ಅಂದರೆ ‘ಮೊದಲೇ ಹೇಳಲ್ಪಟ್ಟದ್ದು’, ಎಂದು ಕರೆದರು. 2021ರಲ್ಲಿ ಅದು ಪ್ರತ್ಯೇಕ ಪ್ರಭೇದದ ಸ್ಥಾನಕ್ಕೇರಿತು.

ಪ್ರಕಟಣೆಗೆ ಮೊದಲು ಹೆಸರನ್ನು ಎಲ್ಲಿಯೂ ಬಾಯಿಬಿಡದಿರುವುದು ಲೇಸು. ಅಂತರ್ಜಾಲದಲ್ಲಿ ಮಾತ್ರ ಬರುವ ನಿಯತಕಾಲಿಕೆಯಾದರೆ, 2012ರ ತಿದ್ದುಪಡಿಯಂತೆ ಕೃತಿಯನ್ನು ಮೊದಲೇ ಪ್ರಾಣಿಹೆಸರುಗಳ ಅಧಿಕೃತ ನೋಂದಣಿ ತಾಣವಾದ ಝೂಬ್ಯಾಂಕಿನಲ್ಲಿ ನೋಂದಾಯಿಸಿ, ನೋಂದಣಿಯ ಪುರಾವೆಯನ್ನು ಕೃತಿಯಲ್ಲೇ ಕೊಟ್ಟಿರಬೇಕು; ಇಲ್ಲವಾದರೆ ಹೆಸರು ಸಂಹಿತೆಯ ದೃಷ್ಟಿಯಲ್ಲಿ ಹುಟ್ಟೇ ಇರುವುದಿಲ್ಲ.

ಹೋಲೋಟೈಪಿಗೆ ಕೆಂಪು ಚೀಟಿ ಹಾಕಿ, ಸಂಶೋಧಕರಿಗೆ ತೆರೆದಿರುವ ಸಾರ್ವಜನಿಕ ಸಂಗ್ರಹಾಲಯಕ್ಕೆ ಒಪ್ಪಿಸಿರಿ. ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಡಿ. ಪ್ಯಾರಾಟೈಪುಗಳನ್ನು, ಅಂದರೆ ವಿವರಣೆಗೆ ಬಳಸಿದ ಉಳಿದ ಮಾದರಿಗಳನ್ನು, ಮಾತ್ರ ಒಂದೇ ಕಡೆ ಕೂಡಿಹಾಕದೆ ಎರಡು ಮೂರು ಸಂಗ್ರಹಾಲಯಗಳಿಗೆ ಹಂಚಬೇಕು. 2018ರ ಸೆಪ್ಟೆಂಬರಿನಲ್ಲಿ ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿದ್ದಾಗ ಅಲ್ಲಿನ ಕೀಟ ಸಂಗ್ರಹದ ಬಹುಭಾಗ ಬೂದಿಯಾಯಿತು. ಅಂಥ ಸಂದರ್ಭದಲ್ಲಿ ಬೇರೆ ಊರಿನ ಪೆಟ್ಟಿಗೆಯೊಂದರಲ್ಲಿ ಉಳಿದ ಪ್ಯಾರಾಟೈಪೇ ಆ ಪ್ರಭೇದ ಯಾವುದೆಂದು ಹೇಳಲು ಉಳಿಯುವ ಸಾಕ್ಷಿ.